ಹಳೆಯ ರೈಫಲ್ಲಿನ ಜಾತಕ



ನಿಮ್ಮಲ್ಲಿ ಎನ್.ಸಿ.ಸಿ. ಸೇರಿದವರಿಗೆ, ಇಲ್ಲವೇ ನಿಮ್ಮ ತಂದೆಯ ಕಾಲದಲ್ಲಿ ಸೇರಿದ್ದವರಿಗೆ, 'ತ್ರೀ ನಾಟ್ ತ್ರೀ' ಎಂಬ ಹೆಸರು ಹೊಸದಲ್ಲ. ಸುಮಾರು 4 ಕಿಲೋ ತೂಗುವ, 113 ಸೆಂಟಿಮೀಟರ್ ಉದ್ದದ ಆ ರೈಫಲ್ಲನ್ನು ಕವಾಯತಿನಲ್ಲಿ ಹೆಗಲಿಗೇರಿಸಿ ನಿಂತರೆ ಅರ್ಧ ಗಂಟೆಗೆ ತೋಳು ಸೋಲುತ್ತದೆ. ಆ ತೂಕದ ನೆನಪು ನನಗೂ ಇದೆ. ಆದರೆ ಅದರ ಮೈಮೇಲೆ ಕೆತ್ತಿದ್ದ ಅಕ್ಷರಗಳನ್ನು ನಾನು ಕೆಡೆಟ್ ಆಗಿದ್ದಾಗ ಒಮ್ಮೆಯೂ ಓದಲಿಲ್ಲ. ಓದಬೇಕೆಂದು ತಿಳಿಯುವ ಹೊತ್ತಿಗೆ, ಒಂದು ರೈಫಲ್ಲಿನ ಮೇಲಿನ ಅಕ್ಷರಗಳನ್ನು ನಾನೇ ಅಳಿಸಿಹಾಕಿದ್ದೆ.

ಕೆಲವು ವರ್ಷಗಳ ಹಿಂದೆ ನಮ್ಮ ಚಿತ್ರೀಕರಣ ತಂಡ ಹಾಸನದ ಬಳಿಯ ಕಟ್ಟಾಯದ ಕಡೆಗೆ ಹೋಗಿತ್ತು. ಅಲ್ಲಿನ ಒಂದು ಕಾಲೇಜಿನಲ್ಲಿ ಕವಾಯತಿಗೆಂದು ಬಳಸುತ್ತಿದ್ದ ಹಳೆಯ ತ್ರೀ ನಾಟ್ ತ್ರೀ ಒಂದಿತ್ತು. ಗುಂಡು ಹಾರಿಸಲಾಗದಂತೆ ಅದರ ಫೈರಿಂಗ್ ಪಿನ್ ತೆಗೆದು, ನಳಿಗೆಗೆ ತೂತು ಕೊರೆದು, ಮರಕ್ಕೆ ಬಿಳಿ ಪಟ್ಟಿ ಬಳಿದು, 'ಡಿ.ಪಿ.' ಎಂದು ಒತ್ತಿದ್ದರು. ಡ್ರಿಲ್‌ಗೆ ಮಾತ್ರ ಎಂದು ಇದರ ಅರ್ಥ. ಊರಿನಲ್ಲಿ ಅದರ ಬಗ್ಗೆ ಒಂದು ಮಾತಿತ್ತು: ಇದು ಹೈಫಾ ಯುದ್ಧಕ್ಕೆ ಹೋಗಿಬಂದ ಬಂದೂಕು!

ಹೈಫಾ ಎಲ್ಲಿ, ಕಟ್ಟಾಯ ಎಲ್ಲಿ ಎಂದು ನಗಬೇಡಿ. ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಮೊದಲನೆಯ ಮಹಾಯುದ್ಧದಲ್ಲಿ ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್‌ಗಳಲ್ಲಿ ಹೋರಾಡಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವದಳದೊಂದಿಗೆ ಸೇರಿ ಹೈಫಾ ಪಟ್ಟಣವನ್ನು ತುರ್ಕರ ಕೈಯಿಂದ ಗೆದ್ದಿತು. ಆದ್ದರಿಂದ ಊರಿನವರ ಮಾತು ಅಸಾಧ್ಯವಾದದ್ದೇನಲ್ಲ. ಆದರೆ ಸಾಧ್ಯ ಎನ್ನುವುದು ಬೇರೆ, ನಿಜ ಎನ್ನುವುದು ಬೇರೆ. ಅದನ್ನು ಪರೀಕ್ಷಿಸುವ ಸಾಧನ ಆ ರೈಫಲ್ಲಿನ ಮೇಲೆಯೇ ಇತ್ತು.

ಅದು ಬೋಲ್ಟಿನ ಹಿಡಿಯ ಕೆಳಗೆ, ಹಿಂಬದಿಯ ಮರದ ಬಟ್ ಬಂದು ಸೇರುವ ಉಕ್ಕಿನ ಪಟ್ಟಿಯ ಬಲಮಗ್ಗುಲು. ಅಲ್ಲಿ ಮೇಲಿನಿಂದ ಕೆಳಕ್ಕೆ ಕಿರೀಟ, ದೊರೆಯ ಹೆಸರಿನ ಮೊದಲಕ್ಷರಗಳು, ಕಾರ್ಖಾನೆಯ ಹೆಸರು, ತಯಾರಾದ ವರ್ಷ, ಕೊನೆಗೆ ಮಾದರಿಯ ಹೆಸರು ಇರುತ್ತವೆ. 'ಇ.ಆರ್.' ಎಂದಿದ್ದರೆ ಏಳನೆಯ ಎಡ್ವರ್ಡ್, ಅಂದರೆ 1901ರಿಂದ 1910. 'ಜಿ.ಆರ್.' ಎಂದಿದ್ದರೆ ಐದನೆಯ ಅಥವಾ ಆರನೆಯ ಜಾರ್ಜ್. ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ತಯಾರಾದವುಗಳ ಮೇಲೆ 'ಜಿ.ಆರ್.ಐ.' ಎಂದಿರುತ್ತದೆ; ಆ ಮೂರನೆಯ ಅಕ್ಷರ ದೊರೆ ಭಾರತದ ಚಕ್ರವರ್ತಿಯೂ ಹೌದೆಂದು ಸಾರುತ್ತಿತ್ತು. ಗಣರಾಜ್ಯವಾದ ಮೇಲೆ ಅಲ್ಲಿಯೇ ತಯಾರಾದ ರೈಫಲ್ಲುಗಳಲ್ಲಿ ಕಿರೀಟ ಹೋಗಿ ಅಶೋಕ ಸ್ತಂಭದ ಸಿಂಹಗಳು ಬಂದವು. ಒಂದು ರಾಜ್ಯ ಹೋಗಿ ಇನ್ನೊಂದು ಬಂದದ್ದನ್ನು ಹೆಬ್ಬೆರಳಷ್ಟು ಜಾಗದಲ್ಲಿ ಓದಬಹುದು. ವರ್ಷ 1942 ಎಂದಿದ್ದರೆ ಆ ರೈಫಲ್ಲು ಹೈಫಾ ಕಂಡಿರುವುದು ಸಾಧ್ಯವೇ ಇಲ್ಲ. 1917 ಎಂದಿದ್ದರೂ ಹೈಫಾ ಕಂಡಿತ್ತೆಂದು ಸಿದ್ಧವಾಗುವುದಿಲ್ಲ, ಬಾಗಿಲು ತೆರೆದಿರುತ್ತದೆ ಅಷ್ಟೆ.

ನಾನು ಮಾಡಿದ್ದೇನು? ಕ್ಯಾಮೆರಾಗೆ ಉಕ್ಕು ಮಂಕಾಗಿ ಕಾಣುತ್ತಿತ್ತು. "ಸ್ವಲ್ಪ ಹೊಳಪು ಬರಲಿ" ಎಂದೆ. ಇಬ್ಬರು ಹುಡುಗರು ಉತ್ಸಾಹದಿಂದ ಎಮರಿ ಪೇಪರ್ ಹಿಡಿದು ಉಜ್ಜಿದರು. ಮಧ್ಯಾಹ್ನ ಚಿತ್ರೀಕರಣ ನೋಡಲು ಬಂದ ನಿವೃತ್ತ ಹವಿಲ್ದಾರರೊಬ್ಬರು ರೈಫಲ್ಲನ್ನು ತಿರುಗಿಸಿ ನೋಡಿ, "ಅಲ್ಲಾ ಸಾರ್, ಇಸವಿನೇ ಒರಸಿಬಿಟ್ರಲ್ಲ" ಎಂದರು. ಕಿರೀಟವೂ 'ಜಿ' ಅಕ್ಷರವೂ ಉಳಿದಿದ್ದವು. ಅದರ ಕೆಳಗೆ ಕನ್ನಡಿಯಂಥ ಉಕ್ಕು.

ಹಳೆಯ ಆಯುಧಗಳನ್ನು ಸಂಗ್ರಹಿಸುವವರು ಹೊಳಪಿಗೆ ಏಕೆ ಹೆದರುತ್ತಾರೆಂದು ಆಗ ನನಗೆ ಅರ್ಥವಾಯಿತು. ಅವರು ಮೊದಲು ನೋಡುವುದು ಅಂದವನ್ನಲ್ಲ, ಸಂಖ್ಯೆಗಳನ್ನು. ಲೀ-ಎನ್‌ಫೀಲ್ಡ್ ಎಂಬುದು ಈ ರೈಫಲ್ಲಿನ ಪೂರ್ಣ ಹೆಸರು. ಬೋಲ್ಟಿನ ವಿನ್ಯಾಸ ಜೇಮ್ಸ್ ಪ್ಯಾರಿಸ್ ಲೀ ಅವರದು, ಎನ್‌ಫೀಲ್ಡ್ ಎಂಬುದು ಲಂಡನ್ನಿನ ಉತ್ತರಕ್ಕಿರುವ ಕಾರ್ಖಾನೆಯ ಊರು. ಇದರ ಮುಖ್ಯ ಚೌಕಟ್ಟು, ಬೋಲ್ಟು, ನಳಿಗೆ, ತುದಿಯ ಉಕ್ಕಿನ ಟೋಪಿ ಇವುಗಳ ಮೇಲೆಲ್ಲ ಒಂದೇ ಸಂಖ್ಯೆ ಒತ್ತಿರುತ್ತಿದ್ದರು. ಎಲ್ಲವೂ ಹೊಂದಿದರೆ ರೈಫಲ್ಲು ಹುಟ್ಟಿದ ಹಾಗೆಯೇ ಇದೆ ಎನ್ನಬಹುದು. ಹೊಂದದಿದ್ದರೆ ದುರಸ್ತಿ ಕಂಡಿದೆ. ಹೊಂದದ ರೈಫಲ್ಲು ಕೀಳು ಎಂದು ಮಾರುಕಟ್ಟೆ ಹೇಳುತ್ತದೆ. ಚರಿತ್ರೆಯ ವಿದ್ಯಾರ್ಥಿ ಹಾಗೆ ಹೇಳಬೇಕಾಗಿಲ್ಲ. ಇಶಾಪುರದಲ್ಲಿ ಮುಂಭಾಗದ ಮರ ಸೀಳದಿರಲೆಂದು ಅಡ್ಡಲಾಗಿ ಸ್ಕ್ರೂ ಹಾಕಿದ್ದು, ಗ್ರೆನೇಡ್ ಹಾರಿಸುವ ರೈಫಲ್ಲುಗಳ ಮುಂಭಾಗಕ್ಕೆ ತಂತಿ ಸುತ್ತಿದ್ದು, ಇವೆಲ್ಲ ಗಾಯದ ಹೊಲಿಗೆಗಳಂತೆ. ಪಟ್ಟ ಪಾಡನ್ನು ಹೇಳುತ್ತವೆ.

ಇನ್ನು ನಳಿಗೆಯ ಒಳಗು. ರೈಫಲ್ ಎಂಬ ಹೆಸರು ಬಂದದ್ದೇ ಒಳಗಿನ ಸುರುಳಿ ತೋಡುಗಳಿಂದ. ತ್ರೀ ನಾಟ್ ತ್ರೀಯಲ್ಲಿ ಎಡಕ್ಕೆ ತಿರುಗುವ ಐದು ತೋಡುಗಳಿವೆ, ಹತ್ತು ಅಂಗುಲಕ್ಕೆ ಒಂದು ಸುತ್ತು. ಬೋಲ್ಟು ತೆಗೆದು, ಬಿಳಿ ಕಾಗದದ ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿದರೆ ತೋಡಿನ ಅಂಚು ಹರಿತವಾಗಿದೆಯೇ, ಗುಳಿಗಳು ಬಿದ್ದಿವೆಯೇ ತಿಳಿಯುತ್ತದೆ. (ಇದನ್ನು ತರಬೇತುದಾರರೇ ಮಾಡಿ ತೋರಿಸಬೇಕು.) ಗುಳಿಗಳೇಕೆ? ಇಲ್ಲಿ ನನ್ನ ಓದು ಉಪಯೋಗಕ್ಕೆ ಬಂತು. ಆ ಕಾಲದ ತೋಟಾಗಳ ಹಿಂಬದಿಯ ಕಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಸಿಡಿದಾಗ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗಿ ನಳಿಗೆಯ ಒಳಗೆ ಕೂರುತ್ತದೆ. ಅದು ನಮ್ಮ ಅಡಿಗೆ ಉಪ್ಪಿನ ದಾಯಾದಿ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದನ್ನು ನೀವು ಮನೆಯಲ್ಲೇ ಕಂಡಿದ್ದೀರಿ. ಇದೂ ಹಾಗೆಯೇ ತೇವವನ್ನು ಎಳೆದುಕೊಂಡು ಉಕ್ಕನ್ನು ತಿನ್ನುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಅದಕ್ಕೇ ಸಿಪಾಯಿಗಳು ಗುಂಡು ಹಾರಿಸಿದ ಮೇಲೆ ಮೊದಲು ನಳಿಗೆಗೆ ಕುದಿಯುವ ನೀರು ಹೊಯ್ದು, ಆಮೇಲೆ ಪುಲ್ ಥ್ರೂಗೆ ಚಿಂದಿ ಕಟ್ಟಿ ಎಳೆದು ಎಣ್ಣೆ ಸವರುತ್ತಿದ್ದರು. ನಮ್ಮ ರೈಫಲ್ಲಿನ ನಳಿಗೆಯಲ್ಲಿ ಗುಳಿಗಳು ತುಂಬ ಇದ್ದವು. ಅಂದರೆ ಡ್ರಿಲ್ಲಿಗೆ ಬರುವ ಮುಂಚೆ ಅದು ನಿಜವಾಗಿಯೂ ಗುಂಡು ಹಾರಿಸಿದೆ, ಯಾರೋ ಕೆಲವು ಸಂಜೆ ನೀರು ಹೊಯ್ಯಲು ಸೋಮಾರಿತನ ಮಾಡಿದ್ದಾರೆ.

ಹೀಗೆ ಓದುವ ಕ್ರಮ ಬರೀ ಬ್ರಿಟಿಷರ ರೈಫಲ್ಲಿಗಲ್ಲ. ಟಿಪ್ಪು ಸುಲ್ತಾನನ ಕಾರ್ಖಾನೆಗಳ ಬಂದೂಕುಗಳಲ್ಲೂ ಹುಲಿಪಟ್ಟೆಯ ಅಲಂಕಾರದ ಜೊತೆಗೆ ಊರು, ವರ್ಷ ಇರುತ್ತವೆ. ಆತನೇ ಜಾರಿಗೆ ತಂದ ಮೌಲೂದಿ ಶಕೆಯ ಆ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ತಿಳಿಯದವರು 1224ನ್ನು 4221 ಎಂದು ಓದಿ ಕಂಗಾಲಾಗುತ್ತಾರೆ.

ಒಂದು ಮಾತು ಮರೆಯಬಾರದು. ಅಜ್ಜನ ಮನೆಯ ಅಟ್ಟದಲ್ಲಿ ಹಳೆಯ ಬಂದೂಕು ಸಿಕ್ಕರೆ ನೀವು ಅದನ್ನು ಬಿಚ್ಚಲು ಹೋಗಬೇಡಿ. ಒಳಗೆ ಮದ್ದು ಉಳಿದಿರಬಹುದು. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿಯ ಪ್ರಶ್ನೆಯೂ ಇದೆ. ಅರಕಲಗೂಡಿನ ಆಚೆ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗಳಿಗೆ ಹೂ ಮುಡಿಸಿ ಪೂಜಿಸುವುದನ್ನು ಕಂಡು, ನಮಗೂ ಹಾಗೆಯೇ ಎಂದುಕೊಳ್ಳಬೇಡಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಬೇರೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಹಿರಿಯರಿಗೆ ಹೇಳಿ, ಪೊಲೀಸ್ ಠಾಣೆಗೆ ತಿಳಿಸಿ.

ಈಗ ನಮ್ಮ ರೈಫಲ್ಲಿಗೆ ಬರೋಣ. ಅಧಿಕಾರಿಗಳ ಒಪ್ಪಿಗೆ ಪಡೆದು, ಬಂದೂಕು ದುರಸ್ತಿಯ ಸೈನಿಕರೊಬ್ಬರು ಮುಂದಿನ ಮರ ಬಿಚ್ಚಿದರು. ಮರದ ಅಡಿಯಲ್ಲಿ, ನಳಿಗೆಯ ಬುಡದಲ್ಲಿ, ಎಮರಿ ಪೇಪರ್ ತಾಕದ ಕಡೆ '43' ಎಂದಿತ್ತು. ಹುಡುಗರು ಚಪ್ಪಾಳೆ ತಟ್ಟಿದರು: ಹೈಫಾದ ಕಥೆ ಮುಗಿಯಿತು! ಹವಿಲ್ದಾರರು ತಲೆಯಾಡಿಸಿದರು. ನಳಿಗೆ ಬೇಗ ಸವೆಯುವ ಭಾಗ, ಬದಲಾಯಿಸುತ್ತಾರೆ. ಅದರ ಮೇಲಿನ ಸಂಖ್ಯೆಯೂ ಚೌಕಟ್ಟಿನ ಸಂಖ್ಯೆಯೂ ಬೇರೆ ಬೇರೆ ಇವೆ, ನೋಡಿ ಎಂದರು. ಬೇರೆಯೇ ಇದ್ದವು. ಹಾಗಾದರೆ 1943 ನಳಿಗೆಯ ವರ್ಷ, ರೈಫಲ್ಲಿನದಲ್ಲ.

ಅಕ್ಷರ ಒತ್ತಿದ ಕಡೆ ಉಕ್ಕು ಆಳದವರೆಗೂ ಬಿಗಿದುಕೊಂಡಿರುತ್ತದೆ. ಮೇಲ್ಮೈ ಉಜ್ಜಿದರೂ ಆ ಬಿಗಿತ ಸ್ವಲ್ಪ ಉಳಿಯುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿ ತಾಮ್ರದ ಕ್ಲೋರೈಡ್ ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ ಸವರಿ ಅಳಿಸಿದ ಸಂಖ್ಯೆಗಳನ್ನು ಮೇಲೆಬ್ಬಿಸುತ್ತಾರೆ. ಆದರೆ ಆಮ್ಲವೂ ಉಕ್ಕನ್ನು ತಿನ್ನುತ್ತದೆ. ಇನ್ನೊಂದು ಗಾಯ ಬೇಡವೆಂದು ನಾವು ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮೇಲ್ಮೈಗೆ ತೀರ ಓರೆಯಾಗಿ ಹಿಡಿದು ನೋಡಿದೆವು. 1, 9 ಕಂಡವು. ಮೂರನೆಯ ಜಾಗದಲ್ಲಿ ಒಂದು ನೆಟ್ಟನೆಯ ಗೀಟು. ಅದು 1 ಇರಬಹುದು, 4ರ ಕಾಲೂ ಇರಬಹುದು. ನಾಲ್ಕನೆಯ ಅಂಕಿ ಇದ್ದ ಜಾಗದಲ್ಲಿ ಏನೂ ಇರಲಿಲ್ಲ.