ನಾಲ್ವರು ವಾದಕರ ಗೋಷ್ಠಿ

ವೀಣೆಯನ್ನು ದೊಡ್ಡ ಚಪ್ಪರದ ಕೊನೆಯಲ್ಲಿ ನಿಂತು ಕೇಳುವುದಕ್ಕೂ ವೈಣಿಕನ ಎದುರಿಗೇ ಜಮಖಾನದ ಮೇಲೆ ಕುಳಿತು ಕೇಳುವುದಕ್ಕೂ ಇರುವ ಅಂತರವನ್ನು ನಾವೆಲ್ಲರೂ ಬಲ್ಲೆವು. ಹತ್ತಿರ ಕುಳಿತಾಗ ನಾದದೊಡನೆ ಬೆರಳಿನ ಒತ್ತೂ ಮೀಟಿನ ಹದವೂ ನಮಗೆ ಗೋಚರವಾಗುತ್ತವೆ. ಇಂತಹ ಸಾಮೀಪ್ಯಕ್ಕೆ ಒಪ್ಪುವ ಸಂಗೀತವೊಂದು ಯೂರೋಪಿನಲ್ಲಿಯೂ ಬೆಳೆಯಿತು. ಅದಕ್ಕೆ ಚೇಂಬರ್ ಮ್ಯೂಸಿಕ್, ಎಂದರೆ ಕೊಠಡಿಯ ಸಂಗೀತ, ಎಂದು ಹೆಸರು. ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲ, ಮಂದ್ರ ನಾದದ ಸೆಲ್ಲೋ, ಈ ನಾಲ್ಕು ತಂತೀವಾದ್ಯಗಳು ಕೂಡಿದ ಕ್ವಾರ್ಟೆಟ್ ಅದರಲ್ಲಿ ಅಗ್ರಗಣ್ಯವಾದುದು. ಇಲ್ಲಿ ವಾದ್ಯಕ್ಕೆ ಒಬ್ಬನೇ ವಾದಕ. ಅವನು ತಪ್ಪಿದರೆ ಮರೆಮಾಡುವವರಿಲ್ಲ.

ಈ ಕಲೆಯ ತವರು ವಿಯೆನ್ನಾ ನಗರ. 1784ರ ಸುಮಾರಿಗೆ ಅಲ್ಲಿಯ ಮನೆಯೊಂದರಲ್ಲಿ ನಡೆದ ಗೋಷ್ಠಿಯನ್ನು ಮೈಕೇಲ್ ಕೆಲ್ಲಿ ಎಂಬ ಗಾಯಕನು ತನ್ನ ಸ್ಮೃತಿಗ್ರಂಥದಲ್ಲಿ ನೆನೆದಿದ್ದಾನೆ. ಹೈಡನ್ ಮತ್ತು ಡಿಟರ್ಸ್‌ಡಾರ್ಫ್ ಪಿಟೀಲು ಹಿಡಿದಿದ್ದರು. ಮೊಟ್ಜಾರ್ಟ್ ವಿಯೋಲವನ್ನೂ ವಾನ್‌ಹಾಲ್ ಸೆಲ್ಲೋವನ್ನೂ ನುಡಿಸಿದರು. ನಾಲ್ವರೂ ವಾಗ್ಗೇಯಕಾರರೇ, ಆದರೆ ತಾನು ಹಿಡಿದ ವಾದ್ಯದಲ್ಲಿ ಅಸಾಧಾರಣನೆನ್ನಿಸುವವನು ಒಬ್ಬನೂ ಇರಲಿಲ್ಲವೆಂದು ಕೆಲ್ಲಿಯ ಮಾತು. ಅಂದು ಅದು ಮಿತ್ರರ ವಿನೋದವಾಗಿದ್ದಿತು.

ವಾದನವನ್ನೇ ವೃತ್ತಿಯಾಗಿ ಹಿಡಿದ ತಂಡಗಳು ಬಂದಮೇಲೆ ಈ ಕಲೆಯ ಸ್ವರೂಪವೇ ಬದಲಾಯಿತು. ಇಗ್ನಾಟ್ಸ್ ಷುಪಾನ್‌ಜಿಗ್ ಎಂಬ ಪಿಟೀಲು ವಿದ್ವಾಂಸನು 1804-05ರಲ್ಲಿ ಚಂದಾ ತೆತ್ತು ಬಂದ ಸಭಿಕರ ಮುಂದೆ ಕ್ವಾರ್ಟೆಟ್ ಕಛೇರಿಗಳನ್ನು ನಡೆಸಿದನು. 1808ರಲ್ಲಿ ರಷ್ಯದ ಶ್ರೀಮಂತ ರಜುಮೋವ್ಸ್ಕಿ ಅವನ ತಂಡಕ್ಕೆ ಆಶ್ರಯವಿತ್ತನು. 1814ರ ಡಿಸೆಂಬರ್ 31ರಂದು ಆ ಪ್ರಭುವಿನ ಅರಮನೆ ಬೆಂಕಿಗೆ ತುತ್ತಾಯಿತು. ಆಮೇಲೆ ತಂಡವೂ ಚದುರಿತು. ಆದರೆ ಇಂತಹ ವಾದಕರ ಕೈಚಳಕವನ್ನು ಕಂಡೇ ಬೀಥೋವನನು ಹಿಂದೆ ಯಾರೂ ಕೇಳದಷ್ಟು ಕಠಿಣವಾದ ಕೃತಿಗಳನ್ನು ಬರೆದನೆಂಬುದನ್ನು ನಾವು ಮರೆಯಲಾಗದು.

1825ರ ಮಾರ್ಚ್ 6ರಂದು, ರಷ್ಯದಿಂದ ಹಿಂದಿರುಗಿದ್ದ ಷುಪಾನ್‌ಜಿಗನ ಹೊಸ ತಂಡವು ಬೀಥೋವನನ 127ನೆಯ ಸಂಖ್ಯೆಯ ಕೃತಿಯನ್ನು ಮೊದಲ ಬಾರಿಗೆ ನುಡಿಸಿತು. ಅಭ್ಯಾಸ ಸಾಲದೆ ಕಛೇರಿ ಕೆಟ್ಟಿತು. ಬೀಥೋವನನು ನೊಂದು, ಕೃತಿಯನ್ನು ಯೋಸೆಫ್ ಬ್ಯೋಮ್ ಎಂಬುವನಿಗೆ ಒಪ್ಪಿಸಿ, ತನ್ನ ಕಣ್ಣೆದುರಿನಲ್ಲಿಯೇ ಅಭ್ಯಾಸ ಮಾಡಿಸಿದನು. ಅಷ್ಟುಹೊತ್ತಿಗೆ ಅವನ ಕಿವಿ ಪೂರ್ಣವಾಗಿ ಕೆಟ್ಟಿದ್ದಿತು. ಅವನು ವಾದಕರ ಕಮಾನುಗಳನ್ನೇ ನೆಟ್ಟ ನೋಟದಿಂದ ನೋಡುತ್ತ, ಕಾಲಗತಿ ಎಲ್ಲಿ ಕದಲಿದರೂ ಗುರುತಿಸಿ ತಿದ್ದುತ್ತಿದ್ದನಂತೆ. ಕೃತಿಯ ಕೊನೆಯಲ್ಲಿ ವೇಗವನ್ನು ತಗ್ಗಿಸಬೇಕೆಂದು ಬರೆದಿದ್ದಿತು. ಅದರಿಂದ ಪರಿಣಾಮ ಕುಂದುವುದೆಂದು ಎಣಿಸಿ ಬ್ಯೋಮನು ಒಮ್ಮೆ ಅದೇ ವೇಗದಲ್ಲಿ ಮುಂದುವರಿಯುವಂತೆ ಜೊತೆಗಾರರಿಗೆ ಹೇಳಿದನು. ಮೂಲೆಯಲ್ಲಿ ಮುದುಡಿ ಕುಳಿತಿದ್ದ ಬೀಥೋವನನು ಕೊನೆಯ ಕಮಾನು ನಿಂತೊಡನೆ, ಹಾಗೆಯೇ ಇರಲೆಂದು ಚುಟುಕಾಗಿ ನುಡಿದು, ನಾಲ್ಕು ಪ್ರತಿಗಳಲ್ಲಿಯೂ ಆ ಸೂಚನೆಯನ್ನು ಹೊಡೆದುಹಾಕಿದನೆಂದು ಬ್ಯೋಮನೇ ತಿಳಿಸಿದ್ದಾನೆ. ಮುಂದಿನ ಕಛೇರಿಗಳಲ್ಲಿ ಕೃತಿಗೆ ಮನ್ನಣೆ ದೊರೆಯಿತು.

ವಾದಕನು ಬರೆದುದನ್ನು ಒಪ್ಪಿಸುವ ಆಳು ಮಾತ್ರವಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯವನ್ನು ನಾವು ಕಾಣೆವು. ಬ್ಯೋಮನ ವಿದ್ಯೆ ಅವನ ಶಿಷ್ಯ ಯೋವಾಕಿಮನಿಗೆ ಸಂದಿತು. ಬರ್ಲಿನ್ನಿನಲ್ಲಿ 1869ರಲ್ಲಿ ತಂಡ ಕಟ್ಟಿದ ಆತನು ಬೀಥೋವನನ ಕ್ವಾರ್ಟೆಟ್ಟುಗಳನ್ನು ದಶಕಗಳ ಕಾಲ ಜನರಿಗೆ ಉಣಬಡಿಸಿದನು.

ಯಂತ್ರದ ಮೂಲಕ ಬರುವ ನಾದ ನಮಗೆ ಮಹದುಪಕಾರವನ್ನು ಮಾಡಿದೆ. ಆದರೂ ಅವಕಾಶ ದೊರೆತಾಗ ನಾವು ವಾದಕರ ಬಳಿಗೆ ಹೋಗಿ ಕುಳಿತುಕೊಳ್ಳಬೇಕು. ಕೇಳಲಾರದವನೊಬ್ಬನು ಬರಿಯ ಕಮಾನುಗಳನ್ನು ನೋಡಿ ಸಂಗೀತವನ್ನು ತಿಳಿದನು. ಕಣ್ಣು ಕಿವಿಗಳೆರಡೂ ಇರುವ ನಾವು ಒಂದನ್ನೇಕೆ ಮನೆಯಲ್ಲಿ ಬಿಟ್ಟು ಬರಬೇಕು?