ಆಸ್ಪತ್ರೆ ಸೋಂಕು: ಜ್ವರ ಬರುವ ಮೊದಲೇ ಮೈಮೇಲೆ ಬೀಡುಬಿಡುವ ಬ್ಯಾಕ್ಟೀರಿಯಾ

ಮುಂಬೈ: 2021ರ ಡಿಸೆಂಬರ್‌ನಲ್ಲಿ ಭಾಂಡುಪ್‌ನ ಸಾವಿತ್ರಿಬಾಯಿ ಫುಲೆ ಹೆರಿಗೆ ಆಸ್ಪತ್ರೆಯ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಕೆಲವೇ ದಿನಗಳ ಅಂತರದಲ್ಲಿ ನಾಲ್ಕು ಹಸುಗೂಸುಗಳು ಮೃತಪಟ್ಟವು. ಸೋಂಕಿನಿಂದ ಉಂಟಾದ ಸೆಪ್ಟಿಕ್ ಶಾಕ್ ಸಾವಿಗೆ ಕಾರಣ ಎಂದು ವರದಿಯಾಯಿತು. ವಿಷಯ ವಿಧಾನಸಭೆಯಲ್ಲೂ ಪ್ರಸ್ತಾಪವಾಗಿ, ವೈದ್ಯಾಧಿಕಾರಿಯೊಬ್ಬರನ್ನು ಅಮಾನತು ಮಾಡಲಾಯಿತು. ಗುಣಪಡಿಸಬೇಕಾದ ಜಾಗದಲ್ಲೇ ಸೋಂಕು ತಗಲುವುದು ಹೇಗೆ?

ಬ್ಯಾಕ್ಟೀರಿಯಾ ಮೈಮೇಲೆ ಇದ್ದ ಮಾತ್ರಕ್ಕೆ ಅದು ಕಾಯಿಲೆಯಲ್ಲ. ಆರೋಗ್ಯವಂತರಲ್ಲಿ ಸುಮಾರು ಶೇ 30ರಷ್ಟು ಮಂದಿಯ ಮೂಗಿನಲ್ಲಿ ಸ್ಟೆಫೈಲೊಕಾಕಸ್ ಆರಿಯಸ್ ತೆಪ್ಪಗೆ ವಾಸವಾಗಿರುತ್ತದೆ. ಹೀಗೆ ತೊಂದರೆ ಕೊಡದೆ ನೆಲೆಯೂರುವುದನ್ನು ವೈದ್ಯರು ‘ಕಾಲೊನೈಸೇಷನ್’ ಎನ್ನುತ್ತಾರೆ. ಚರ್ಮ ಸೀಳಿದಾಗ, ನರಕ್ಕೆ ಸೂಜಿ ಚುಚ್ಚಿದಾಗ, ಮೂತ್ರನಾಳಕ್ಕೆ ಕ್ಯಾತಿಟರ್ ಹಾಕಿದಾಗ ಅದಕ್ಕೆ ಒಳದಾರಿ ಸಿಗುತ್ತದೆ. ಕೊಳವೆಯ ಮೇಲೆ ಲೋಳೆಯಂಥ ಪದರ ಕಟ್ಟಿಕೊಂಡರೆ ಔಷಧಕ್ಕೂ ಸುಲಭವಾಗಿ ಜಗ್ಗುವುದಿಲ್ಲ. ದಾಖಲಾಗಿ 48 ಗಂಟೆಗಳ ನಂತರ ಕಾಣಿಸಿಕೊಳ್ಳುವ ಸೋಂಕನ್ನು ಸಾಮಾನ್ಯವಾಗಿ ಆಸ್ಪತ್ರೆಯ ಲೆಕ್ಕಕ್ಕೆ ಬರೆಯಲಾಗುತ್ತದೆ.

ಹಸುಗೂಸಿನ ಕಥೆಯೇ ಬೇರೆ. ಹುಟ್ಟುವಾಗ ಅದರ ಮೈ ಬಹುಮಟ್ಟಿಗೆ ಖಾಲಿ ಜಾಗ. ತಾಯಿಯ ಮೈ, ಎದೆಹಾಲಿನಿಂದ ಬರಬೇಕಾದ ಒಳ್ಳೆಯ ಬ್ಯಾಕ್ಟೀರಿಯಾಗಳ ಬದಲು, ನಿಗಾ ಘಟಕದಲ್ಲಿ ಸಿಬ್ಬಂದಿಯ ಕೈ, ಸಿಂಕ್, ಉಪಕರಣಗಳ ಮೇಲಿರುವವು ಮೊದಲು ಬಂದು ಬೀಡುಬಿಡಬಹುದು. ಅವಧಿಗೆ ಮುನ್ನ ಹುಟ್ಟಿದ ಮಗುವಿನ ಚರ್ಮವೂ ತೆಳು. ಆ್ಯಂಟಿಬಯಾಟಿಕ್ ಕೊಟ್ಟಾಗ ಸಾಧು ಬ್ಯಾಕ್ಟೀರಿಯಾ ಸತ್ತು, ಔಷಧಕ್ಕೆ ಬಗ್ಗದವು ಉಳಿದುಕೊಳ್ಳುತ್ತವೆ. ದೆಹಲಿಯ ಮೂರು ಆಸ್ಪತ್ರೆಗಳ ನವಜಾತ ಶಿಶುಗಳ ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಚ್ಚಾಗಿ ಸಿಕ್ಕಿದ್ದು ಅಸಿನೆಟೊಬ್ಯಾಕ್ಟರ್ ಮತ್ತು ಕ್ಲೆಬ್ಸಿಯೆಲ್ಲಾ. ಎರಡೂ ಹಠಮಾರಿಗಳು, ಅಸಿನೆಟೊಬ್ಯಾಕ್ಟರ್ ಅಂತೂ ಒಣ ಮೇಲ್ಮೈಯಲ್ಲೂ ದಿನಗಟ್ಟಲೆ ಬದುಕಬಲ್ಲದು.

ನೆಲೆಯೂರುವುದಕ್ಕೂ ರೋಗ ಬರುವುದಕ್ಕೂ ನಡುವೆ ಎಷ್ಟೋ ಸಲ ಕೆಲವು ದಿನಗಳ ಅಂತರವಿರುತ್ತದೆ. ತಡೆಯಲು ಸಿಗುವ ಅವಕಾಶ ಅದೇ. ಮೊದಲನೆಯದು ಕೈ ತೊಳೆಯುವುದು. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ವೈದ್ಯರಿಂದ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಸಿದಾಗ ಬಾಣಂತಿಯರ ಸಾವು ಗಣನೀಯವಾಗಿ ಇಳಿದಿತ್ತು. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು, ಸಾಬೂನು-ನೀರಾದರೆ 40ರಿಂದ 60 ಸೆಕೆಂಡು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಬ್ಬ ನರ್ಸ್ ಹತ್ತಾರು ಮಕ್ಕಳನ್ನು ನೋಡಿಕೊಳ್ಳಬೇಕಾದ ಕಡೆ ಪ್ರತಿ ಮಗುವಿಗೂ ಈ ಅರ್ಧ ನಿಮಿಷ ಹೊಂದಿಸುವುದು ಕಷ್ಟ. ಹಾಗಾಗಿ ಇದು ಶಿಸ್ತಿನ ಜೊತೆಗೆ ಸಿಬ್ಬಂದಿ ಸಂಖ್ಯೆಯ ಪ್ರಶ್ನೆಯೂ ಹೌದು.

ಬೇಡವಾದ ಕೊಳವೆಯನ್ನು ಬೇಗ ತೆಗೆಯುವುದು, ಆ್ಯಂಟಿಬಯಾಟಿಕ್ ಅಗತ್ಯವಿದ್ದಷ್ಟೇ ಕೊಡುವುದು, ಮಗುವನ್ನು ತಾಯಿಯ ಎದೆಗೆ ಒರಗಿಸುವ ಕಾಂಗರೂ ಆರೈಕೆ, ಎದೆಹಾಲು ಇವೂ ನೆರವಾಗುತ್ತವೆ. ರೋಗಿಯನ್ನು ನೋಡಲು ಹೋಗುವವರು ಹಾಸಿಗೆಯ ಮೇಲೆ ಕೂರಬೇಡಿ, ಕೆಮ್ಮು-ನೆಗಡಿ ಇದ್ದರೆ ಹೋಗಲೇಬೇಡಿ. ಮುಟ್ಟುವ ಮುನ್ನ ಕೈ ತೊಳೆದಿರಾ ಎಂದು ವೈದ್ಯರನ್ನೋ ನರ್ಸನ್ನೋ ಕೇಳಲು ಸಂಕೋಚ ಬೇಡ.