ಪೆಟ್ರೋಲ್ ಟ್ಯಾಂಕಿನಿಂದ ಮೂಳೆಯವರೆಗೆ - ಸೀಸದ ಕಥೆ

ನಮ್ಮನೆಯಲ್ಲಿದ್ದ ಹಳೇ ಮಾರುತಿ 800ರ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿ, ಸೀಸವಿಲ್ಲದ ಪೆಟ್ರೋಲ್ ಮಾತ್ರ ಹಾಕಿ ಅಂತ ಇಂಗ್ಲಿಷಿನಲ್ಲಿ ಒಂದು ಸ್ಟಿಕ್ಕರ್ ಇತ್ತು. ನನಗೆ ಬುದ್ಧಿ ಬರುವ ಹೊತ್ತಿಗೆ ಬಂಕುಗಳಲ್ಲಿ ಸೀಸದ ಪೆಟ್ರೋಲ್ ಸಿಗುವುದೇ ನಿಂತಿತ್ತು. ಹಾಗಾಗಿ ಆ ಸ್ಟಿಕ್ಕರ್ ಯಾಕಿದೆ ಅಂತ ತಲೆ ಕೆಡಿಸಿಕೊಂಡಿರಲಿಲ್ಲ. ಆಮೇಲೆ ಇಂಜಿನಿಯರಿಂಗ್ ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ 'ನಾಕಿಂಗ್ ಎಂದರೇನು, ಅದನ್ನು ತಡೆಯುವುದು ಹೇಗೆ' ಅನ್ನೋ ಪ್ರಶ್ನೆಗೆ ಟೆಟ್ರಾಈಥೈಲ್ ಲೆಡ್ ಅಂತ ಬರೆದು ಮಾರ್ಕ್ಸ್ ತಗೊಂಡಿದ್ದೂ ಆಯ್ತು. ಆ ಒಂದು ಸಾಲಿನ ಹಿಂದೆ ಎಷ್ಟು ಹೆಣಗಳಿವೆ, ಎಷ್ಟು ವರ್ಷಗಳ ಜಗಳವಿದೆ ಅನ್ನೋದು ಪುಸ್ತಕದಲ್ಲಿರಲಿಲ್ಲ. ಇತ್ತೀಚೆಗೆ ಓದುತ್ತಾ ಹೋದಂತೆ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಯಿತು, ಸಹಿಸಿಕೊಳ್ಳಿ :)

ಮೊದಲೇ ಒಂದು ಮಾತು. ನಮ್ಮಲ್ಲಿ ಪೆನ್ಸಿಲ್ಲಿಗೆ ಸೀಸದ ಕಡ್ಡಿ ಅನ್ನುತ್ತಾರಲ್ಲ, ಅದರಲ್ಲಿ ಇರುವುದು ಸೀಸವಲ್ಲ, ಗ್ರಾಫೈಟ್. ಪೆನ್ಸಿಲ್ ಕಚ್ಚುವ ಮಕ್ಕಳ ಬಗ್ಗೆ ಹೆದರಬೇಕಾಗಿಲ್ಲ. ನಿಜವಾದ ಸೀಸ ಅಂದರೆ ಬ್ಯಾಟರಿಯಲ್ಲಿರುವ, ಮೀನಿನ ಗಾಳಕ್ಕೆ ಭಾರವಾಗಿ ಕಟ್ಟುವ, ಮೆತ್ತಗಿನ ಬೂದು ಲೋಹ. ಅದು ವಿಷ ಅನ್ನುವುದು ಹೊಸ ವಿಷಯವೇನಲ್ಲ. ಸೀಸ ಕರಗಿಸುವವರ ಮೈ ಬಿಳಿಚಿಕೊಂಡಿರುತ್ತದೆ, ಸೀಸದ ಕೊಳವೆಯ ನೀರು ಒಳ್ಳೆಯದಲ್ಲ ಅಂತ ರೋಮಿನ ವಿಟ್ರೂವಿಯಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿದ್ದ. ಬೆಂಜಮಿನ್ ಫ್ರಾಂಕ್ಲಿನ್ 1786ರಲ್ಲಿ ಗೆಳೆಯನೊಬ್ಬನಿಗೆ ಬರೆದ ಪತ್ರದಲ್ಲಿ, ಅಚ್ಚುಮೊಳೆ ಬಿಸಿ ಮಾಡುವ ಮುದ್ರಣದವರ ಕೈ ಹೇಗೆ ನಿಶ್ಶಕ್ತವಾಗುತ್ತದೆ ಅಂತ ವಿವರಿಸಿ, ಗೊತ್ತಿರುವ ಸತ್ಯವೊಂದು ಬಳಕೆಗೆ ಬರಲು ಎಷ್ಟು ಕಾಲ ಬೇಕು ನೋಡು ಅಂತ ಬೇಸರಪಟ್ಟುಕೊಂಡಿದ್ದಾನೆ. ಬೇಸರಪಡುವುದಕ್ಕೆ ಇನ್ನೂ ಬೇಕಾದಷ್ಟು ಬಾಕಿ ಇತ್ತು ಅಂತ ಪಾಪ ಅವನಿಗೆ ಗೊತ್ತಿರಲಿಲ್ಲ.

ಸೀಸ ಮೈಯೊಳಗೆ ಏನು ಮಾಡುತ್ತದೆ? ಸುಲಭವಾಗಿ ಹೇಳಬೇಕೆಂದರೆ, ನಮ್ಮ ದೇಹ ಅದನ್ನು ಕ್ಯಾಲ್ಸಿಯಂ ಅಂದುಕೊಂಡು ಮೋಸಹೋಗುತ್ತದೆ. ನಮ್ಮ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೇಳುವುದಾದರೆ, ಟೈಪ್ ಚೆಕಿಂಗ್ ಸರಿಯಿಲ್ಲದ ಕಡೆ ತಪ್ಪು ಆಬ್ಜೆಕ್ಟ್ ಒಳಗೆ ನುಗ್ಗಿದ ಹಾಗೆ. ಕ್ಯಾಲ್ಸಿಯಂ ಹೋಗುವ ದಾರಿಯಲ್ಲೇ ಕರುಳಿನಿಂದ ರಕ್ತಕ್ಕೆ ಬರುತ್ತದೆ, ರಕ್ತದಿಂದ ಮಿದುಳಿಗೆ ಹೋಗುತ್ತದೆ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ಕ್ಯಾಲ್ಸಿಯಂ ನೆರವಿನಿಂದ. ಅಲ್ಲಿ ಸೀಸ ಕೂತರೆ ಸುದ್ದಿ ಏರುಪೇರಾಗುತ್ತದೆ. ಇನ್ನೊಂದು ಕಡೆ, ಹಿಮೋಗ್ಲೋಬಿನ್ ತಯಾರಿಕೆಗೆ ಬೇಕಾದ ಕಿಣ್ವವೊಂದರಲ್ಲಿ ಸತು ಇರಬೇಕಾದ ಜಾಗವನ್ನು ಸೀಸ ಆಕ್ರಮಿಸಿಕೊಂಡು ಕಿಣ್ವವನ್ನೇ ಕೆಲಸಕ್ಕೆ ಬಾರದಂತೆ ಮಾಡುತ್ತದೆ. ರಕ್ತಹೀನತೆ ಬರುವುದು ಹೀಗೆ. ತಿಂದ ಸೀಸದಲ್ಲಿ ದೊಡ್ಡವರ ದೇಹ ಹೀರಿಕೊಳ್ಳುವುದು ಹತ್ತರಲ್ಲಿ ಒಂದು ಪಾಲಿನಷ್ಟಾದರೆ, ಚಿಕ್ಕ ಮಕ್ಕಳದ್ದು ಹೆಚ್ಚುಕಡಿಮೆ ಅರ್ಧ. ಮೂಳೆ ಬೆಳೆಯುವ ವಯಸ್ಸಲ್ಲವೇ, ಕ್ಯಾಲ್ಸಿಯಂ ತರಹ ಕಂಡಿದ್ದನ್ನೆಲ್ಲ ದೇಹ ಬಾಚಿಕೊಳ್ಳುತ್ತದೆ.

ಈಗ ಪೆಟ್ರೋಲಿಗೆ ಬರೋಣ. 1921ರ ಡಿಸೆಂಬರಿನಲ್ಲಿ ಜನರಲ್ ಮೋಟಾರ್ಸ್‌ನ ಇಂಜಿನಿಯರ್ ಥಾಮಸ್ ಮಿಡ್ಜ್‌ಲಿ, ಗ್ಯಾಲನ್‌ಗೆ ಮೂರು ಮಿಲಿಲೀಟರಿನಷ್ಟು ಟೆಟ್ರಾಈಥೈಲ್ ಲೆಡ್ ಬೆರೆಸಿದರೆ ಇಂಜಿನ್ನಿನ ಕಟಕಟ ಸದ್ದು ನಿಂತುಹೋಗುತ್ತದೆ ಅನ್ನುವುದಕ್ಕೆ ದಾರಿ ಮಾಡಿದ ಪರೀಕ್ಷೆ ನಡೆಸಿದ. ಆಲ್ಕೋಹಾಲ್ ಬೆರೆಸಿದರೂ ಇದೇ ಕೆಲಸ ಆಗುತ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು, ತಾನೇ ಹಾಗೆ ಕಾರು ಓಡಿಸಿ ತೋರಿಸಿಯೂ ಇದ್ದ. (ಈಗ ನಮ್ಮ ಬಂಕುಗಳಲ್ಲಿ ಶೇಕಡಾ 20 ಎಥನಾಲ್ ಬೆರೆಸಿ ಕೊಡುತ್ತಾರಲ್ಲ, ಅದೇ ಆಲ್ಕೋಹಾಲ್!) ಆದರೆ ಆಲ್ಕೋಹಾಲನ್ನು ಯಾವ ರೈತ ಬೇಕಾದರೂ ಮಾಡಬಹುದು, ಅದರ ಮೇಲೆ ಹಿಡಿತ ಸಿಗುವುದಿಲ್ಲ. ಸೀಸ ಅಗ್ಗ, ಚೂರೇ ಚೂರು ಸಾಕು, ಪೇಟೆಂಟೂ ಸಿಗುತ್ತದೆ. 1923ರ ಫೆಬ್ರವರಿಯಲ್ಲಿ ಅಮೆರಿಕದ ಡೇಟನ್ ಊರಿನಲ್ಲಿ ಮಾರಾಟ ಶುರುವಾಯಿತು. ಹೆಸರು 'ಈಥೈಲ್'. ಹೆಸರಿನಲ್ಲಿ ಸೀಸದ ಸುಳಿವೇ ಇಲ್ಲದಿರುವುದನ್ನು ಗಮನಿಸಿ.

1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ರಿಫೈನರಿಯಲ್ಲಿ ಇದನ್ನು ತಯಾರಿಸುತ್ತಿದ್ದ ಕೆಲಸಗಾರರಿಗೆ ಇದ್ದಕ್ಕಿದ್ದಂತೆ ಭ್ರಮೆ ಶುರುವಾಯಿತು. ಇಲ್ಲದ್ದು ಕಾಣುವುದು, ಕೂಗಾಡುವುದು, ಓಡಿಹೋಗುವುದು. ಕೈಕಾಲು ಕಟ್ಟಿ ಆಸ್ಪತ್ರೆಗೆ ಹೊತ್ತೊಯ್ಯಬೇಕಾಯಿತು. ಕೆಲವೇ ದಿನಗಳಲ್ಲಿ ಐವರು ಸತ್ತರು, ಮೂವತ್ತಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಪತ್ರಿಕೆಗಳು ಇದನ್ನು 'ಹುಚ್ಚು ಹಿಡಿಸುವ ಗ್ಯಾಸ್' ಅಂತ ಕರೆದವು. ಡುಪಾಂಟ್ ಕಂಪನಿಯ ಡೀಪ್‌ವಾಟರ್ ಕಾರ್ಖಾನೆಯ ಕಟ್ಟಡವೊಂದಕ್ಕೆ ಕೆಲಸಗಾರರೇ 'ಚಿಟ್ಟೆಗಳ ಮನೆ' ಅಂತ ಹೆಸರಿಟ್ಟಿದ್ದರಂತೆ. ಯಾಕೆಂದರೆ ಅಲ್ಲಿ ದುಡಿಯುವವರು ಮಾತಾಡುತ್ತಾ ಮಾತಾಡುತ್ತಾ, ಮೈಮೇಲೆ ಕೂತ ಇಲ್ಲದ ಹುಳುಗಳನ್ನು ಕೊಡವಿಕೊಳ್ಳುತ್ತಿದ್ದರು. ಟೆಟ್ರಾಈಥೈಲ್ ಲೆಡ್ ಕೊಬ್ಬಿನಲ್ಲಿ ಕರಗುವ ದ್ರವ. ಬರೀ ಸೀಸದ ಹಾಗಲ್ಲದೆ ಚರ್ಮದ ಮೂಲಕವೇ ಒಳಗೆ ಇಳಿದು ನೇರ ಮಿದುಳಿಗೆ ಏರುತ್ತದೆ.

ಆ ತಿಂಗಳ 30ನೇ ತಾರೀಕು ಮಿಡ್ಜ್‌ಲಿ ಪತ್ರಕರ್ತರನ್ನು ಕರೆಸಿ, ಅವರೆದುರು ಅದೇ ದ್ರವದಲ್ಲಿ ಕೈ ತೊಳೆದುಕೊಂಡು, ಒಂದು ನಿಮಿಷ ಅದರ ವಾಸನೆ ಎಳೆದುಕೊಂಡು, ನೋಡಿ ಏನೂ ಆಗುವುದಿಲ್ಲ ಅಂದ. ಅದರ ಹಿಂದಿನ ವರ್ಷವಷ್ಟೇ ಅವನಿಗೇ ಸೀಸದ ವಿಷವೇರಿ, ಸುಧಾರಿಸಿಕೊಳ್ಳಲು ಫ್ಲಾರಿಡಾಗೆ ಹೋಗಿ ಬಂದಿದ್ದ! ಇಂಜಿನಿಯರ್ ಆಗಿ ಇದನ್ನು ಓದುವಾಗ ನನಗೆ ಸಿಟ್ಟಿಗಿಂತ ಜಾಸ್ತಿ ನಾಚಿಕೆಯಾಯಿತು.

1925ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಒಂದು ಸಭೆ ಕರೆಯಿತು. ಹಾರ್ವರ್ಡ್‌ನ ವೈದ್ಯೆ ಆಲಿಸ್ ಹ್ಯಾಮಿಲ್ಟನ್, ಯೇಲ್‌ನ ಯಾಂಡೆಲ್ ಹೆಂಡರ್ಸನ್ ಇಬ್ಬರೂ, ಕಾರ್ಖಾನೆಯೊಳಗಿನ ವಿಷವನ್ನು ಹೇಗೋ ಹತೋಟಿಗೆ ತರಬಹುದು, ಬೀದಿಬೀದಿಯಲ್ಲಿ ಹೊಗೆಯಾಗಿ ಬೀಳುವ ಸೀಸವನ್ನು ಏನು ಮಾಡುತ್ತೀರಿ ಅಂತ ಕೇಳಿದರು. ನನಗೆ ಇಡೀ ಕಥೆಯ ಗಂಟು ಇಲ್ಲಿದೆ ಅನ್ನಿಸುತ್ತದೆ. ಒಂದೇ ಲೋಹದ ಎರಡು ವಿಷಗಳು. ಒಂದು ವಾರದಲ್ಲಿ ಕೊಲ್ಲುತ್ತದೆ, ಪೇಪರಿನಲ್ಲಿ ಬರುತ್ತದೆ. ಇನ್ನೊಂದು ವರ್ಷಗಟ್ಟಲೆ ಮೂಳೆಯಲ್ಲಿ ಸೇರುತ್ತಾ ಹೋಗುತ್ತದೆ, ಯಾರಿಗೂ ಕಾಣುವುದಿಲ್ಲ. ಸಮಿತಿ ನೇಮಕವಾಯಿತು. 252 ಜನ ಡ್ರೈವರುಗಳನ್ನು, ಗ್ಯಾರೇಜಿನವರನ್ನು ಏಳೇ ತಿಂಗಳಲ್ಲಿ ಪರೀಕ್ಷಿಸಿ, ನಿಷೇಧಿಸಲು ಕಾರಣ ಕಾಣುವುದಿಲ್ಲ ಅಂತ 1926ರ ಜನವರಿಯಲ್ಲಿ ವರದಿ ಕೊಟ್ಟರು. ನಿಧಾನವಾಗಿ ಬರುವ ಕಾಯಿಲೆ ಮುಂದೆ ಕಾಣಿಸಿಕೊಳ್ಳಬಹುದು, ಅಧ್ಯಯನ ಮುಂದುವರಿಸಿ ಅಂತಲೂ ಅದೇ ವರದಿ ಹೇಳಿತ್ತು. ಮಾರಾಟ ಮುಂದುವರಿಯಿತು. ಅಧ್ಯಯನ ಹೋಗಿದ್ದು ಈಥೈಲ್ ಕಂಪನಿಯ ದುಡ್ಡಿನಲ್ಲೇ ಸಂಶೋಧನೆ ಮಾಡುತ್ತಿದ್ದ ರಾಬರ್ಟ್ ಕೀಹೋ ಕೈಗೆ. ಮನುಷ್ಯನ ಮೈಯಲ್ಲಿ ಸ್ವಲ್ಪ ಸೀಸ ಇರುವುದು ಸಹಜ ಅಂತ ತೋರಿಸಲು ಆತ ಮೆಕ್ಸಿಕೋದ ಹಳ್ಳಿಯ ಜನರನ್ನು ಪರೀಕ್ಷಿಸಿದ. ಕಾರೇ ಇಲ್ಲದ ಊರು, ಆದರೂ ಸೀಸ ಸಿಕ್ಕಿತು. ಅವರು ಉಣ್ಣುತ್ತಿದ್ದುದು ಸೀಸದ ಮೆರುಗು ಹಾಕಿದ ಮಣ್ಣಿನ ಪಾತ್ರೆಗಳಲ್ಲಿ! ಸುಮಾರು ನಲವತ್ತು ವರ್ಷ ಇವನ ಮಾತೇ ವೇದವಾಯಿತು.

ಇದನ್ನು ಮುರಿದವನು ವೈದ್ಯನೇ ಅಲ್ಲ. ಕ್ಲೇರ್ ಪ್ಯಾಟರ್ಸನ್ ಭೂಮಿಯ ವಯಸ್ಸು ಅಳೆಯಲು ಹೊರಟಿದ್ದ. ಅದಕ್ಕೆ ಕಲ್ಲಿನಲ್ಲಿರುವ ಸೀಸದ ಐಸೋಟೋಪುಗಳನ್ನು ಲೆಕ್ಕ ಹಾಕಬೇಕು. ಎಷ್ಟು ಸಲ ಅಳೆದರೂ ಲೆಕ್ಕ ತಪ್ಪುತ್ತಿತ್ತು. ಗಾಳಿಯಲ್ಲಿ, ನೀರಿನಲ್ಲಿ, ಪಾತ್ರೆಯಲ್ಲಿ, ಅವನದೇ ತಲೆಗೂದಲಿನಲ್ಲಿ, ಎಲ್ಲ ಕಡೆ ಸೀಸ. ಪ್ರಯೋಗಶಾಲೆಯನ್ನು ವರ್ಷಗಟ್ಟಲೆ ತೊಳೆದು ತೊಳೆದು ಕೊನೆಗೆ 455 ಕೋಟಿ ವರ್ಷ ಅನ್ನುವ ಉತ್ತರ ಸಿಕ್ಕಿತು, 1956ರಲ್ಲಿ ಪ್ರಕಟವಾಯಿತು. ಬೇರೆಯವರಾಗಿದ್ದರೆ ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದರು. ಈ ಮನುಷ್ಯ, ಅಡ್ಡ ಬಂದ ಆ ಸೀಸ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದ. ಸಮುದ್ರದ ಆಳದ ನೀರಿಗಿಂತ ಮೇಲಿನ ನೀರಿನಲ್ಲಿ ಸೀಸ ಎಷ್ಟೋ ಜಾಸ್ತಿ. ಗ್ರೀನ್‌ಲ್ಯಾಂಡಿನ ಹಳೆಯ ಹಿಮಕ್ಕಿಂತ ಹೊಸ ಹಿಮದಲ್ಲಿ ಜಾಸ್ತಿ. ಅಮೆರಿಕನ್ನರ ರಕ್ತದಲ್ಲಿ ಇರುವುದು ಸಹಜಕ್ಕಿಂತ ಸುಮಾರು ನೂರು ಪಟ್ಟು ಅಂತ 1965ರಲ್ಲಿ ಬರೆದ. ಬರುತ್ತಿದ್ದ ಅನುದಾನಗಳು ನಿಂತವು. 1971ರಲ್ಲಿ ಗಾಳಿಯಲ್ಲಿನ ಸೀಸದ ಬಗ್ಗೆಯೇ ರಚಿಸಿದ ಸಮಿತಿಯಲ್ಲಿ ಅವನಿಗೆ ಜಾಗ ಸಿಗಲಿಲ್ಲ.

ತಮಾಷೆ ಅಂದರೆ ಅಮೆರಿಕದಲ್ಲಿ ಸೀಸವಿಲ್ಲದ ಪೆಟ್ರೋಲ್ ಬಂಕಿಗೆ ಬಂದಿದ್ದು ಮುಖ್ಯವಾಗಿ ಒಂದು ಯಂತ್ರವನ್ನು ಉಳಿಸಲಿಕ್ಕೆ. 1975ರ ಮಾಡೆಲ್ ಕಾರುಗಳಲ್ಲಿ ಬಂದ ಕ್ಯಾಟಲಿಟಿಕ್ ಕನ್ವರ್ಟರ್ ಒಳಗಿನ ಪ್ಲಾಟಿನಂ ಸೀಸ ತಾಗಿದರೆ ಕೆಟ್ಟುಹೋಗುತ್ತಿತ್ತು! ಮಕ್ಕಳ ಮಿದುಳಿನ ಸರದಿ ಆಮೇಲೆ. 1979ರಲ್ಲಿ ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯ, ಬೋಸ್ಟನ್ ಹತ್ತಿರದ ಶಾಲಾಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಕೂಡಿಸಿ ಅಳೆದು, ಯಾವ ಕಾಯಿಲೆಯ ಲಕ್ಷಣವೂ ಇಲ್ಲದ ಮಕ್ಕಳಲ್ಲೂ ಸೀಸ ಜಾಸ್ತಿಯಿದ್ದಷ್ಟೂ ಬುದ್ಧಿಯ ಪರೀಕ್ಷೆಯಲ್ಲಿ, ಗಮನದಲ್ಲಿ ಹಿಂದೆ ಬೀಳುತ್ತಾರೆ ಅಂತ ತೋರಿಸಿದ. 1976ರಿಂದ 1980ರ ನಡುವೆ ಪೆಟ್ರೋಲಿನ ಸೀಸ ಇಳಿದ ಹಾಗೆಲ್ಲ ಅಮೆರಿಕನ್ನರ ರಕ್ತದ ಸೀಸವೂ ಇಳಿದು, ಶೇಕಡಾ 37ರಷ್ಟು ಕಡಿಮೆಯಾಗಿತ್ತು. ಅಲ್ಲಿಗೆ ವಾದ ಮುಗಿದಂತೆಯೇ. ಆದರೂ ರಸ್ತೆಯ ವಾಹನಗಳಿಗೆ ಪೂರ್ತಿ ನಿಷೇಧ ಬಂದಿದ್ದು 1996ಕ್ಕೆ.

ನಮ್ಮಲ್ಲಿ? 1995ರ ಏಪ್ರಿಲಿನಲ್ಲಿ ನಾಲ್ಕು ಮಹಾನಗರಗಳಲ್ಲಿ ಕನ್ವರ್ಟರ್ ಇರುವ ಕಾರುಗಳಿಗಾಗಿ ಸೀಸವಿಲ್ಲದ ಪೆಟ್ರೋಲ್ ಬಂತು. ಮಾರುತಿಯ ಸ್ಟಿಕ್ಕರಿನ ಗುಟ್ಟು ಅದು. ಬೆಂಗಳೂರು ಆ ನಾಲ್ಕರಲ್ಲಿ ಇರಲಿಲ್ಲ. ಆದರೆ ಇಲ್ಲಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಅವರು ಜಾರ್ಜ್ ಫೌಂಡೇಶನ್ ಜೊತೆ ಸೇರಿ ದೇಶದ ದೊಡ್ಡ ನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದರು. ಪರೀಕ್ಷೆಗೆ ಒಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ರಕ್ತದಲ್ಲಿ, ಆಗಿನ ಮಿತಿಯಾದ ಡೆಸಿಲೀಟರಿಗೆ 10 ಮೈಕ್ರೋಗ್ರಾಂಗಿಂತ ಜಾಸ್ತಿ ಸೀಸವಿತ್ತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇದರ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 2000ದ ಫೆಬ್ರವರಿಯಿಂದ ಇಡೀ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ನಮ್ಮೂರಿನ ಈ ಕೆಲಸ ಯಾವ ಪಠ್ಯಪುಸ್ತಕದಲ್ಲೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಜಗತ್ತಿನ ಕೊನೆಯ ಸೀಸದ ಪೆಟ್ರೋಲ್ ಬಂಕು ಅಲ್ಜೀರಿಯಾದ್ದು, 2021ರ ಜುಲೈನಲ್ಲಿ ಖಾಲಿಯಾಯಿತು. ಚಿಕ್ಕ ಪಿಸ್ಟನ್ ವಿಮಾನಗಳ ಇಂಧನದಲ್ಲಿ ಈಗಲೂ ಸೀಸ ಇದೆ. ಹಳೇ ಬ್ಯಾಟರಿ ಒಡೆದು ಕರಗಿಸುವ ಗಲ್ಲಿಗಳಲ್ಲಂತೂ ಕೇಳುವುದೇ ಬೇಡ, ಅದಕ್ಕೆ ಬೇರೆಯದೇ ಪೋಸ್ಟ್ ಬೇಕು.

ಇನ್ನೊಂದು ವಿಷಯ ಇದೆ. ರಕ್ತದಲ್ಲಿನ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆದರೆ ದೊಡ್ಡವರ ಮೈಯಲ್ಲಿನ ಸೀಸದ ಶೇಕಡಾ 90ಕ್ಕೂ ಹೆಚ್ಚು ಪಾಲು ಇರುವುದು ಮೂಳೆಯಲ್ಲಿ, ಅಲ್ಲಿ ಅರ್ಧಕ್ಕೆ ಇಳಿಯಲು ಇಪ್ಪತ್ತು ಮೂವತ್ತು ವರ್ಷ ಬೇಕು. ಬಸಿರಿನಲ್ಲಿ ತಾಯಿಯ ಮೂಳೆಯಿಂದ ಕ್ಯಾಲ್ಸಿಯಂ ಕರಗಿ ಮಗುವಿಗೆ ಹೋಗುವಾಗ ಸೀಸವೂ ಜೊತೆಗೆ ಹೊರಡುತ್ತದೆ. ಮುಟ್ಟು ನಿಂತ ಮೇಲೆ ಮೂಳೆ ಸವೆಯುವಾಗಲೂ ಹೀಗೇ ರಕ್ತಕ್ಕೆ ಮರಳುತ್ತದೆ. ತೊಂಬತ್ತರ ದಶಕದಲ್ಲಿ ದಿನಾ ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾದು ಆಟೋ, ಸ್ಕೂಟರುಗಳ ಹೊಗೆ ಕುಡಿದ ನಮ್ಮ ಅಮ್ಮಂದಿರಿಗೆ ಈಗ ಆ ವಯಸ್ಸು.